ತಾಕತ್ತಿದ್ದವನೇ ಉಳಿಯುತ್ತಾನೆ ಅಂದವರು ಯಾರು?

ಪ್ರಶ್ನೆ: ಗುರುಗಳೇ, ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಣಸಿನಕಾಯಿ ರೇಟು ಬಿತ್ತು ಅಂತ ರೈತರು ಗೋಳಾಡಿದರೆ ನಮ್ಮ ಸಾವ್ಕಾರ್ರು, ‘ತಾಕತ್ತಿದ್ದವನು ಉಳೀತಾನ, ಡಾರ್ವಿನ್ನೇ ಹೇಳ್ಯಾನ’ ಅನ್ನುತ್ತಾರೆ. ಇದು ನಿಜವಾ?
– ಒಬ್ಬ ಗುಮಾಸ್ತ, ಬ್ಯಾಡಗಿ

ಉತ್ತರ: ತಮ್ಮಾ, ನಿಮ್ಮ ಸಾವ್ಕಾರ್ರು ಹೆಸರು ತಪ್ಪಿ ಹೇಳಿದ್ದಾರೆ. ಅವರು ಹೇಳಬೇಕಾಗಿದ್ದು ಹರ್ಬರ್ಟ್ ಸ್ಪೆನ್ಸರ್ ಅಂತ. 1820ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಹುಟ್ಟಿದ ತತ್ವಜ್ಞಾನಿ. ಮೊದಲು ರೈಲ್ವೆ ಎಂಜಿನಿಯರ್, ಆಮೇಲೆ ‘ಎಕನಾಮಿಸ್ಟ್’ ಪತ್ರಿಕೆಯಲ್ಲಿ ಉಪಸಂಪಾದಕ. ‘ಸರ್ವೈವಲ್ ಆಫ್ ದಿ ಫಿಟೆಸ್ಟ್’, ಅಂದರೆ ತಕ್ಕವನೇ ಉಳಿಯುತ್ತಾನೆ ಅಂತ 1864ರಲ್ಲಿ ಬರೆದವನು ಅವನೇ. ಡಾರ್ವಿನ್ ಅದನ್ನು ಕಡ ತಂದು, ಜೀವಿಗಳ ವಿಕಾಸದ ಬಗ್ಗೆ ಬರೆದ ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದ ಐದನೇ ಆವೃತ್ತಿಗೆ ಸೇರಿಸಿಕೊಂಡದ್ದು 1869ರಲ್ಲಿ.

ಡಾರ್ವಿನ್ನನನ್ನು ಓದಿ ಸ್ಪೆನ್ಸರ್ ಇದನ್ನೆಲ್ಲ ಸಮಾಜಕ್ಕೆ ಹಚ್ಚಿದ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಸ್ಪೆನ್ಸರನ ‘ಸೋಷಿಯಲ್ ಸ್ಟ್ಯಾಟಿಕ್ಸ್’ ಪುಸ್ತಕ 1851ರದ್ದು. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಸಮಾಜ ತಾನಾಗಿಯೇ ಬೆಳೆಯುತ್ತದೆ, ಸರ್ಕಾರ ನಡುವೆ ಕೈ ಹಾಕಬಾರದು ಅಂತ ಸ್ಪೆನ್ಸರ್ ವಾದ. ಬಡವರಿಗೆ ಸರ್ಕಾರಿ ನೆರವು ಬೇಡ, ಸರ್ಕಾರಿ ಶಾಲೆಯೂ ಬೇಡ. ನಾನು ಓದಿದ್ದೇ ಸರ್ಕಾರಿ ಕನ್ನಡ ಶಾಲೆಯಲ್ಲಿ. ಅವನ ಮಾತು ನಡೆದಿದ್ದರೆ ನಿನಗೆ ಉತ್ತರ ಬರೆಯಲು ಬೇರೆ ಯಾರನ್ನಾದರೂ ಹುಡುಕಬೇಕಿತ್ತು!

ಆದರೆ ಅದೇ ‘ಸೋಷಿಯಲ್ ಸ್ಟ್ಯಾಟಿಕ್ಸ್’ನಲ್ಲಿ ಇನ್ನೊಂದು ಮಾತಿದೆ. ಭೂಮಿ ಯಾರೊಬ್ಬರ ಸ್ವಂತ ಆಸ್ತಿಯೂ ಆಗಬಾರದು, ಅದರ ಮೇಲೆ ಎಲ್ಲರಿಗೂ ಸಮಾನ ಹಕ್ಕು ಅಂತ. ವಯಸ್ಸಾದ ಮೇಲೆ ಅದರಿಂದ ಹಿಂದೆ ಸರಿದ, ಅದು ಬೇರೆ. ನಿಮ್ಮ ಸಾವ್ಕಾರ್ರಿಗೆ ಹೊಲ ಇದ್ದರೆ ಒಮ್ಮೆ ಓದಿ ಹೇಳು. ಒಬ್ಬರು ಇನ್ನೊಬ್ಬರಿಗೆ ಕೈಯಾರೆ ದಾನ ಮಾಡುವುದಕ್ಕೆ ಅವನ ಅಡ್ಡಿ ಇರಲಿಲ್ಲ. ಬೇರೆ ದೇಶ ಗೆದ್ದು ಆಳುವುದಂತೂ ಅವನಿಗೆ ಆಗುತ್ತಿರಲಿಲ್ಲ. ಹಾಗಾಗಿಯೇ ನಮ್ಮ ಸ್ವಾತಂತ್ರ್ಯ ಹೋರಾಟಗಾರ ಶ್ಯಾಮ್‌ಜಿ ಕೃಷ್ಣವರ್ಮ 1905ರಲ್ಲಿ ಲಂಡನ್ನಿನಿಂದ ‘ಇಂಡಿಯನ್ ಸೋಷಿಯಾಲಜಿಸ್ಟ್’ ಪತ್ರಿಕೆ ಹೊರಡಿಸಿದಾಗ ಮುಖಪುಟದಲ್ಲೇ ಸ್ಪೆನ್ಸರನ ಮಾತು ಹಾಕಿದರು.

ಇನ್ನು ನಿಮ್ಮ ಮಾರುಕಟ್ಟೆ ವಿಷಯ. ಇಬ್ಬರು ರೈತರು ಒಂದೇ ದಿನ ಒಂದೇ ತರದ ಡಬ್ಬಿ ಮೆಣಸಿನಕಾಯಿ ತಂದರು ಅಂತ ಇಟ್ಟುಕೋ. ಕೈಯಲ್ಲಿ ದುಡ್ಡಿದ್ದವನು ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ ಒಳ್ಳೆ ರೇಟಿಗೆ ಕಾಯುತ್ತಾನೆ. ಸಾಲ ಇದ್ದವನು ಅವತ್ತಿನ ಟೆಂಡರಿಗೇ ಕೊಟ್ಟು ಹೋಗಬೇಕು. ಇಬ್ಬರ ದುಡಿಮೆಯೂ ಒಂದೇ, ಬೆಳೆಯೂ ಒಂದೇ. ಇದರಲ್ಲಿ ತಾಕತ್ತು ಎಲ್ಲಿ ಬಂತು? ಸಾಲದ ಬಾಕಿ ಎಷ್ಟು ಅನ್ನುವುದಷ್ಟೇ ಲೆಕ್ಕ. ಆ ಲೆಕ್ಕ ಬರೆಯುವವನು ನೀನೇ ಅಲ್ವಾ?

ಸ್ಪೆನ್ಸರ್ ತೀರಿಕೊಂಡದ್ದು 1903ರಲ್ಲಿ. ಎರಡೇ ವರ್ಷಕ್ಕೆ, ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು, ಇಂಥ ಸಾಲದ ಕಾಟಕ್ಕೇ. ಜನ ತಾವಾಗಿ ಕೂಡಿದ್ದನ್ನು ಸ್ಪೆನ್ಸರನೂ ಮೆಚ್ಚುತ್ತಿದ್ದ ಅನಿಸುತ್ತದೆ. ಅದಕ್ಕೆ ದಾರಿ ಮಾಡಿಕೊಟ್ಟದ್ದು 1904ರ ಸರ್ಕಾರಿ ಕಾಯ್ದೆ ಅಂತ ಗೊತ್ತಾಗಿದ್ದರೆ ಮಾತ್ರ ಮುಖ ಸಿಂಡರಿಸುತ್ತಿದ್ದ.