ಓದುಗರ ಪ್ರಶ್ನೆ: 1993ರ ಇಂಡಿಕಾರ್, ಎಡಕ್ಕೆ ತಿರುಗೋದನ್ನು ಕಲಿತ ಚಾಂಪಿಯನ್

ಹೋದ ಸಂಚಿಕೆಯಲ್ಲಿ ಕಾರ್ ರೇಸ್ ಚಾಲಕ ನೈಜೆಲ್ ಮ್ಯಾನ್ಸೆಲ್ ಬಗ್ಗೆ ಬರೆದಿದ್ದು ಎರಡೇ ಸಾಲು. 1992ರಲ್ಲಿ ಫಾರ್ಮುಲಾ ಒನ್ ಗೆದ್ದ, ಮರುವರ್ಷವೇ ಅಮೆರಿಕಕ್ಕೆ ಹೋಗಿ ಅಲ್ಲಿನ ಇಂಡಿಕಾರ್ ಸರಣಿಯನ್ನೂ ಗೆದ್ದ, ಅಷ್ಟೆ. ಆ ಎರಡು ಸಾಲಿಗೆ ಬಂದಷ್ಟು ಪ್ರಶ್ನೆ ನಾನು ಕಷ್ಟಪಟ್ಟು ಬರೆದ ಉದ್ದುದ್ದ ಉತ್ತರಗಳಿಗೂ ಬಂದಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ಫಾರ್ಮುಲಾ ಒನ್ ಚಾಂಪಿಯನ್ ಆದವನು ಅದನ್ನು ಬಿಟ್ಟು ಹೋಗಿದ್ದು ಯಾಕೆ? ಎರಡೂ ಕಡೆ ಕಾರು ಒಂದೇ ಥರ ಕಾಣುತ್ತವಲ್ಲ?

ಹೋಗಿದ್ದು ಮುನಿಸಿನಿಂದ. ಅವನ ವಿಲಿಯಮ್ಸ್ ತಂಡ ಮುಂದಿನ ವರ್ಷಕ್ಕೆ ಅಲೇನ್ ಪ್ರಾಸ್ಟ್‌ನನ್ನು ಕರೆತಂದಿತು, ಒಪ್ಪಂದದ ಮಾತುಕತೆ ಮುರಿದುಬಿತ್ತು. ಅದೇ ಹೊತ್ತಿಗೆ ಅಮೆರಿಕದ ನ್ಯೂಮನ್-ಹಾಸ್ ತಂಡದಲ್ಲಿ ಒಂದು ಸೀಟು ಖಾಲಿಯಾಗಿತ್ತು. ಆ ನ್ಯೂಮನ್ ಅಂದರೆ ಹಾಲಿವುಡ್ ನಟ ಪಾಲ್ ನ್ಯೂಮನ್. ಆ ಸೀಟಿನಲ್ಲಿದ್ದ ಮೈಕೆಲ್ ಆಂಡ್ರೆಟ್ಟಿ ಫಾರ್ಮುಲಾ ಒನ್‌ನ ಮೆಕ್‌ಲಾರೆನ್ ಸೇರಲು ಹೊರಟಿದ್ದ. ಮ್ಯಾನ್ಸೆಲ್ ಅಲ್ಲಿಂದ ಇಲ್ಲಿಗೆ, ಮೈಕೆಲ್ ಇಲ್ಲಿಂದ ಅಲ್ಲಿಗೆ. ಹೆಚ್ಚುಕಡಿಮೆ ಅದಲುಬದಲು.

ಕಾರುಗಳು ದೂರದಿಂದ ಒಂದೇ ಥರ ಕಾಣೋದು ನಿಜ. ಒಂದೇ ಸೀಟು, ಚಕ್ರಗಳು ಹೊರಗೆ, ಮುಂದೆ ಹಿಂದೆ ರೆಕ್ಕೆ. ಆದರೆ ಆಗಿನ ಇಂಡಿಕಾರ್ ಹೆಚ್ಚು ಭಾರ, ಅದರ ಟರ್ಬೊ ವಿ8 ಎಂಜಿನ್ ಕುಡಿಯುತ್ತಿದ್ದದ್ದು ಪೆಟ್ರೋಲ್ ಅಲ್ಲ, ಮೆಥನಾಲ್ ಅನ್ನುವ ಒಂದು ಬಗೆಯ ಆಲ್ಕೋಹಾಲ್. ಫಾರ್ಮುಲಾ ಒನ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ತಂಡವೂ ತನ್ನ ಕಾರನ್ನು ತಾನೇ ಮಾಡಿಕೊಳ್ಳುತ್ತೆ. ಇಲ್ಲಿ ಹೆಚ್ಚಿನವರು ಲೋಲಾದಂಥ ಕಂಪನಿಯಿಂದ ಕಾರು ಕೊಂಡು ಓಡಿಸುತ್ತಿದ್ದರು. ಪೆನ್ಸ್ಕೆಯಂಥ ಒಂದೆರಡು ತಂಡ ಮಾತ್ರ ಸ್ವಂತದ್ದು ಕಟ್ಟುತ್ತಿದ್ದವು. ಇವೆಲ್ಲ ಸಣ್ಣ ವಿಷಯ ಬಿಡಿ. ದೊಡ್ಡ ವ್ಯತ್ಯಾಸ ಇರೋದು ಟ್ರ್ಯಾಕಿನಲ್ಲಿ. ಅದನ್ನು ಇನ್ನೊಬ್ಬರು ಕೇಳಿದ್ದಾರೆ, ಸ್ವಲ್ಪ ಚುಚ್ಚಿಯೇ ಕೇಳಿದ್ದಾರೆ.

ಪ್ರಶ್ನೆ: ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ. ಇದರಲ್ಲಿ ಏನು ಮಹಾ ಇದೆ? ಫಾರ್ಮುಲಾ ಒನ್ ಚಾಲಕನಿಗೆ ಅದು ರಜೆಗೆ ಹೋದ ಹಾಗಲ್ವಾ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಒಂದು ಲೋಟ ತಗೊಳ್ಳಿ, ಬಾಯಿ ಅಗಲ, ಬುಡ ಸಣ್ಣ ಇರುವಂಥದ್ದು. ಮಲಗಿಸಿ ಉರುಳಿಸಿ. ನೇರ ಹೋಗಲ್ಲ, ಬುಡದ ಕಡೆಗೆ ಸುತ್ತು ಹೊಡೆಯುತ್ತೆ. ಓವಲ್‌ಗೆ, ಅಂದರೆ ಆ ಮೊಟ್ಟೆಯಾಕಾರದ ಟ್ರ್ಯಾಕಿಗೆ, ಕಾರು ಸಿದ್ಧ ಮಾಡೋದು ಇದೇ ಲೆಕ್ಕದಲ್ಲಿ. ಹಿಂದಿನ ಎರಡು ಚಕ್ರಗಳಲ್ಲಿ ಬಲಗಡೆಯ ಟೈರು ಎಡಗಡೆಯದಕ್ಕಿಂತ ಚೂರು ದೊಡ್ಡದಾಗಿರುತ್ತೆ, ಹಾಗಾಗಿ ಕಾರಿಗೆ ತಾನಾಗೇ ಎಡಕ್ಕೆ ವಾಲುವ ಚಟ. ಅಂದರೆ ನೇರ ರಸ್ತೆಯಲ್ಲಿ ಚಾಲಕ ಸ್ಟಿಯರಿಂಗನ್ನು ಬಲಕ್ಕೆ ಹಿಡಿದುಕೊಂಡು ಹೋಗಬೇಕು. ಅದೂ ಗಂಟೆಗೆ 350 ಕಿಲೋಮೀಟರ್ ದಾಟಿದ ವೇಗದಲ್ಲಿ, ಬಲಗಡೆ ಕಾಂಕ್ರೀಟ್ ಗೋಡೆ. ಪೆಟ್ಟನ್ನು ತಡೆದುಕೊಳ್ಳುವ ಮೆತ್ತನೆಯ ಗೋಡೆಗಳು ಇಂಡಿಯಾನಾಪೊಲಿಸ್‌ಗೆ ಬಂದಿದ್ದೇ 2002ರಲ್ಲಿ. 1993ರಲ್ಲಿ ಅಲ್ಲಿದ್ದದ್ದು ಬರೀ ಕಾಂಕ್ರೀಟ್.

ಇನ್ನೊಂದು ವಿಷಯ, ಇದು ನನಗೆ ಬಹಳ ಇಷ್ಟ. ಮಾಮೂಲಿ ಟ್ರ್ಯಾಕಿನಲ್ಲಿ ಕಾರಿನ ಹಿಂಭಾಗ ಜಾರಿದರೆ ಸ್ಟಿಯರಿಂಗನ್ನು ಜಾರಿದ ಕಡೆಗೇ ತಿರುಗಿಸಿ ಸರಿಮಾಡಿಕೊಳ್ಳಬೇಕು. ಫಾರ್ಮುಲಾ ಒನ್ ಚಾಲಕನ ಕೈ ಇದನ್ನು ಯೋಚನೆಗಿಂತ ಮೊದಲೇ ಮಾಡಿಬಿಡುತ್ತೆ. ಓವಲ್‌ನಲ್ಲಿ ಹಾಗೆ ಮಾಡಿದರೆ ಮುಂದಿನ ಟೈರು ಗಬಕ್ಕಂತ ನೆಲ ಕಚ್ಚಿಕೊಂಡು ಕಾರು ಮೂತಿ ಮುಂದಾಗಿ ನೇರ ಗೋಡೆಗೆ. ಅದಕ್ಕೇ ಅಲ್ಲಿನ ಹಳಬರು ಹೇಳೋದು, ಜಾರಿತು ಅಂದರೆ ಬಿಟ್ಟುಬಿಡು, ತಿರುಗಲಿ ಅಂತ. ಇಷ್ಟು ವರ್ಷ ಹೊಟ್ಟೆ ತುಂಬಿಸಿದ ಅಭ್ಯಾಸವನ್ನೇ ಮರೆಯಬೇಕು. ರಜೆ ಅಂತೀರಾ?

ಮ್ಯಾನ್ಸೆಲ್‌ಗೆ ಪಾಠ ಬೇಗ ಸಿಕ್ಕಿತು. ಮಾರ್ಚ್ 21ರಂದು ಆಸ್ಟ್ರೇಲಿಯಾದ ಸರ್ಫರ್ಸ್ ಪ್ಯಾರಡೈಸ್‌ನಲ್ಲಿ ಮೊದಲ ರೇಸು. ಅದು ಊರಿನ ಬೀದಿಗಳ ಟ್ರ್ಯಾಕು, ಅವನಿಗೆ ಗೊತ್ತಿರುವ ಆಟ. ಪೋಲ್ ಹೊಡೆದ, ಅಂದರೆ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗ ತೋರಿಸಿ ಮೊದಲ ಜಾಗದಿಂದ ಹೊರಟ, ಗೆದ್ದೂಬಿಟ್ಟ. ಮುಂದಿನದು ಅರಿಜೋನಾದ ಫೀನಿಕ್ಸ್, ಒಂದು ಮೈಲಿಯ ಓವಲ್. ಅಭ್ಯಾಸದಲ್ಲೇ ಹಿಮ್ಮುಖವಾಗಿ ಗೋಡೆಗೆ ಬಡಿದ. ತಲೆಗೆ ಪೆಟ್ಟು, ಬೆನ್ನಿಗೆ ಪೆಟ್ಟು, ರೇಸು ಕೈತಪ್ಪಿತು. ಗೆದ್ದಿದ್ದು ಅದೇ ತಂಡದ ಇನ್ನೊಬ್ಬ ಚಾಲಕ ಮಾರಿಯೊ ಆಂಡ್ರೆಟ್ಟಿ, ಮೈಕೆಲ್‌ನ ಅಪ್ಪ. ವಯಸ್ಸು 53. ಅದೇ ಅವನ ಕೊನೆಯ ಗೆಲುವೂ ಆಯಿತು.

ಆ ವರ್ಷ ಒಟ್ಟು 16 ರೇಸು, ಅದರಲ್ಲಿ ಓವಲ್ ಆರು. ಫೀನಿಕ್ಸ್ ಹೀಗಾಯಿತು. ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸಿನಲ್ಲಿ, ಅಂದರೆ ಇಂಡಿ 500ರಲ್ಲಿ, ಮೂರನೆಯವನಾದ. ಉಳಿದಿದ್ದು ನಾಲ್ಕು, ಮಿಲ್ವಾಕಿ, ಮಿಷಿಗನ್, ನ್ಯೂ ಹ್ಯಾಂಪ್‌ಶೈರ್, ನಾಜರೆತ್. ನಾಲ್ಕನ್ನೂ ಗೆದ್ದ! ಮಾಮೂಲಿ ಟ್ರ್ಯಾಕಿನ ರಾಜ ಅಂತ ಕರೆಸಿಕೊಂಡವನು ಆ ಇಡೀ ವರ್ಷ ಅಂಥ ಟ್ರ್ಯಾಕಿನಲ್ಲಿ ಗೆದ್ದಿದ್ದು ಆ ಮೊದಲ ರೇಸು ಒಂದೇ. ಈ ಸೀಸನ್ ಬಗ್ಗೆ ಮಾತಾಡುವವರು ಇದನ್ನು ಸಲೀಸಾಗಿ ಮರೆತುಬಿಡುತ್ತಾರೆ. ಫಾರ್ಮುಲಾ ಒನ್ ಜಾಣ ಬಂದು ಅಮೆರಿಕದವರಿಗೆ ಪಾಠ ಕಲಿಸಿದ ಅನ್ನೋದು ಸುಳ್ಳು. ಅವನೇ ಅಮೆರಿಕದ ಪಾಠ ಕಲಿತ, ಅದಕ್ಕೇ ಗೆದ್ದ.

ಪ್ರಶ್ನೆ: ಹಾಗಾದರೆ ಇಂಡಿ 500 ಯಾಕೆ ಗೆಲ್ಲಲಿಲ್ಲ?

ಒಂದು ರೀಸ್ಟಾರ್ಟ್‌ನಿಂದ. ಎರಡೂವರೆ ಮೈಲಿಯ ಟ್ರ್ಯಾಕಿನಲ್ಲಿ 200 ಸುತ್ತು. ಹಳದಿ ಬಾವುಟ ಬಂದರೆ ಎಲ್ಲರೂ ಪೇಸ್ ಕಾರಿನ ಹಿಂದೆ ಸಾಲಾಗಿ ನಿಧಾನ ಹೋಗಬೇಕು, ಹಸಿರು ತೋರಿಸಿದ ಕೂಡಲೇ ಮತ್ತೆ ರೇಸು. ಕೊನೆಗೆ ಸುಮಾರು 16 ಸುತ್ತು ಉಳಿದಾಗ ಮ್ಯಾನ್ಸೆಲ್ ಎಲ್ಲರಿಗಿಂತ ಮುಂದಿದ್ದ. ಹಸಿರು ಬಂತು. ಇವನು ಇನ್ನೂ ವೇಗ ಹಿಡಿಯುತ್ತಿರುವಾಗಲೇ ಎಮರ್ಸನ್ ಫಿಟ್ಟಿಪಾಲ್ಡಿ ಮತ್ತು ಏರಿ ಲಯೆಂಡೈಕ್ ಇಬ್ಬರೂ ಮೊದಲ ತಿರುವಿನ ಹೊತ್ತಿಗೆ ದಾಟಿಹೋದರು. ಹಿಡಿಯೋಕೆ ಹೋಗಿ ಎರಡನೇ ತಿರುವಿನಲ್ಲಿ ಗೋಡೆಗೆ ಒಂದು ಸಲ ಉಜ್ಜಿದ, ಆದರೂ ಕಾರು ಓಡಿತು. ಮೂರನೇ ಸ್ಥಾನ. ಆ ರೀಸ್ಟಾರ್ಟನ್ನು ಹಳೆಯ ವಿಡಿಯೊದಲ್ಲಿ ನೋಡಿ. ಗೆಲುವು ಕೈಜಾರಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ.

ಅವನ ಮೊದಲ ಓವಲ್ ರೇಸು ಅದು, ಫೀನಿಕ್ಸ್ ತಪ್ಪಿತ್ತಲ್ಲ! ಮೊದಲ ಸಲ ಬಂದು ಇಂಡಿಯಲ್ಲಿ ಮೂರನೆಯವನಾಗೋದನ್ನು ಸೋಲು ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

ಪ್ರಶ್ನೆ: ಇಂಡಿ ಗೆದ್ದವರು ಹಾಲು ಕುಡಿಯುತ್ತಾರಂತೆ, ಫಿಟ್ಟಿಪಾಲ್ಡಿ ಮಾತ್ರ ಜ್ಯೂಸ್ ಕುಡಿದನಂತೆ, ನಿಜವಾ?

ನಿಜ, ಮತ್ತು ಜನ ಇನ್ನೂ ಮರೆತಿಲ್ಲ. ಈ ಹಾಲಿನ ಕಥೆ ಶುರುವಾಗಿದ್ದು ಲೂಯಿಸ್ ಮೇಯರ್ ಅನ್ನುವ ಚಾಲಕನಿಂದ. 1936ರಲ್ಲಿ ಗೆದ್ದಾಗ ಅವನು ಕುಡಿದದ್ದು ಅಸಲಿಗೆ ಹಾಲೇ ಅಲ್ಲ, ಮಜ್ಜಿಗೆ. ಬಿಸಿಲಲ್ಲಿ ಅದೇ ಒಳ್ಳೇದು ಅಂತ ಅವನ ಅಮ್ಮ ಅಭ್ಯಾಸ ಮಾಡಿಸಿದ್ದಂತೆ. ಆಮೇಲೆ ಹೈನು ಉದ್ಯಮದವರು ಇದನ್ನು ಸಂಪ್ರದಾಯ ಮಾಡಿದರು.

ಬ್ರೆಜಿಲ್‌ನ ಫಿಟ್ಟಿಪಾಲ್ಡಿಗೆ ಅಲ್ಲಿ ಸ್ವಂತ ಕಿತ್ತಳೆ ತೋಟ ಇತ್ತು. 1993ರಲ್ಲಿ ಗೆದ್ದು ಟಿವಿ ಮುಂದೆ ನಿಂತಾಗ ಹಾಲಿನ ಬಾಟಲಿ ಬೇಡ ಅಂದು ಕಿತ್ತಳೆ ರಸ ಕುಡಿದ. ಆಮೇಲೆ ಹಾಲನ್ನೂ ಒಂದು ಗುಟುಕು ಕುಡಿದ, ಆದರೆ ಕೆಲಸ ಕೆಟ್ಟುಹೋಗಿತ್ತು. ಗ್ರಹಚಾರಕ್ಕೆ ಮುಂದಿನ ವಾರದ ರೇಸು ಇದ್ದದ್ದು ಮಿಲ್ವಾಕಿಯಲ್ಲಿ, ಅಂದರೆ ಅಮೆರಿಕದ ಹಾಲಿನ ಸೀಮೆ ವಿಸ್ಕಾನ್ಸಿನ್‌ನಲ್ಲಿ. ಹೆಸರು ಕರೆದ ಕೂಡಲೇ ಜನ ಕೂಗಿ ಮೂದಲಿಸಿದರು. ಇಂಡಿ ಎರಡು ಸಲ ಗೆದ್ದವನಿಗೆ ಈ ಸ್ವಾಗತ!

ಪ್ರಶ್ನೆ: ಪಾಲ್ ಟ್ರೇಸಿ ಕೂಡ ಐದು ರೇಸು ಗೆದ್ದ, ಮ್ಯಾನ್ಸೆಲ್ ಕೂಡ ಐದೇ. ಮತ್ತೆ ಟ್ರೇಸಿ ಮೂರನೇ ಸ್ಥಾನಕ್ಕೆ ಬಿದ್ದದ್ದು ಹೇಗೆ?

ಗೋಡೆಗೆ ಹೊಡೆದು. ಕೆನಡಾದ ಟ್ರೇಸಿಗೆ ಆಗ 24 ವರ್ಷ. ಪೆನ್ಸ್ಕೆ ತಂಡದ ರಿಕ್ ಮಿಯರ್ಸ್ ದಿಢೀರಂತ ನಿವೃತ್ತಿ ಘೋಷಿಸಿದ್ದರಿಂದ ಅವನಿಗೆ ಪೂರ್ತಿ ಸೀಸನ್ ಸಿಕ್ಕಿತ್ತು. ವೇಗದ ಬಗ್ಗೆ ಎರಡು ಮಾತಿಲ್ಲ. ಫೀನಿಕ್ಸ್‌ನಲ್ಲಿ ಎಲ್ಲರಿಗಿಂತ ಎಷ್ಟೋ ಮುಂದಿದ್ದ, ಸುಮ್ನೆ ಕಾರನ್ನು ಕೊನೆಯವರೆಗೆ ತಂದಿದ್ದರೆ ಸಾಕಿತ್ತು. ಅಂಥ ಹೊತ್ತಿನಲ್ಲಿ ನಿಧಾನದ ಕಾರೊಂದನ್ನು ದಾಟಲು ಹೋಗಿ ಗೋಡೆಗೆ ಹೊಡೆದ. ಮುಂದೆ ಬಂದ ಫಿಟ್ಟಿಪಾಲ್ಡಿಯೂ ಹೊಡೆದುಕೊಂಡ. ಮಾರಿಯೊ ಗೆದ್ದ ಅಂದೆನಲ್ಲ, ಹೀಗೆ.

ಗೆದ್ದರೆ 20 ಪಾಯಿಂಟ್, ಎರಡನೆಯವನಿಗೆ 16, ಮೂರನೆಯವನಿಗೆ 14. ಎರಡನೇ ಸ್ಥಾನಕ್ಕೂ ಇಷ್ಟು ಪಾಯಿಂಟ್ ಇರುವಾಗ ಸೊನ್ನೆ ತಗೊಂಡು ಮನೆಗೆ ಹೋಗೋದು ದುಬಾರಿ. ಪೋಲ್‌ಗೆ ಒಂದು, ಜಾಸ್ತಿ ಸುತ್ತು ಮುಂದಿದ್ದವನಿಗೆ ಒಂದು. ಕೊನೆಯ ಲೆಕ್ಕ: ಮ್ಯಾನ್ಸೆಲ್ 191, ಫಿಟ್ಟಿಪಾಲ್ಡಿ 183, ಟ್ರೇಸಿ 157. ಎಂಟೇ ಪಾಯಿಂಟಿನ ಅಂತರ, ಅದರಲ್ಲಿ ಮ್ಯಾನ್ಸೆಲ್‌ನ ಏಳು ಪೋಲ್‌ಗಳದ್ದೇ ಏಳು! ಆದರೆ ಮೋಸಹೋಗಬೇಡಿ. ಒಂದು ರೇಸು ಬಾಕಿ ಇರುವಾಗಲೇ ಪೆನ್ಸಿಲ್ವೇನಿಯಾದ ನಾಜರೆತ್‌ನಲ್ಲಿ ಪಟ್ಟ ಖಚಿತವಾಗಿತ್ತು. ನಾಜರೆತ್ ಅಂದರೆ ಮಾರಿಯೊ ಆಂಡ್ರೆಟ್ಟಿಯ ಊರು.

ಆಗಸ್ಟ್ 8ರ ನ್ಯೂ ಹ್ಯಾಂಪ್‌ಶೈರ್ ರೇಸನ್ನು ಟ್ರೇಸಿ ಅಭಿಮಾನಿಗಳು ನೋಡದಿರೋದೇ ವಾಸಿ. ಮ್ಯಾನ್ಸೆಲ್‌ಗೆ ಅಂದೇ 40 ತುಂಬಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಟ್ರೇಸಿಯನ್ನು ದಾಟಿ ಗೆದ್ದ.

ಪ್ರಶ್ನೆ: ಹಿಂದಿನ ವರ್ಷದ ಚಾಂಪಿಯನ್ ಬಾಬಿ ರಾಹಲ್ ಇಂಡಿ 500ರಲ್ಲಿ ಓಡಲೇ ಇಲ್ಲವಂತೆ. ಚಾಂಪಿಯನ್‌ಗೆ ನೇರ ಪ್ರವೇಶ ಇಲ್ವಾ?

ಇಲ್ಲ, ಅದೇ ಇಂಡಿಯ ಸೊಗಸು. ಜಾಗ 33 ಮಾತ್ರ. ಒಬ್ಬೊಬ್ಬರೇ ನಾಲ್ಕು ಸುತ್ತು ಓಡಿ ಸರಾಸರಿ ವೇಗ ತೋರಿಸಬೇಕು. 33 ತುಂಬಿದ ಮೇಲೆ ಯಾರಾದರೂ ಹೆಚ್ಚು ವೇಗ ತೋರಿಸಿದರೆ, ಇದ್ದವರಲ್ಲಿ ನಿಧಾನದವನು ಔಟ್. ಇದಕ್ಕೆ ಬಂಪಿಂಗ್ ಅಂತಾರೆ. ರಾಹಲ್ ತನ್ನ ತಂಡದ ಸ್ವಂತ ಕಾರನ್ನು ನಂಬಿಕೊಂಡಿದ್ದ, ಅದಕ್ಕೆ ವೇಗ ಇರಲಿಲ್ಲ, ಬಂಪ್ ಆದ. ಆಮೇಲೆ ಲೋಲಾ ಕಾರಿಗೆ ಬದಲಾಯಿಸಿ ಸೀಸನ್‌ನಲ್ಲಿ ನಾಲ್ಕನೆಯವನಾದ ಅನ್ನೋದು ಬೇರೆ ಮಾತು.

ಪ್ರಶ್ನೆ: ಪಿಟ್‌ನಲ್ಲಿ, ಅಂದರೆ ರೇಸಿನ ನಡುವೆ ಇಂಧನ ತುಂಬಿಸಲು ನಿಲ್ಲುವ ಜಾಗದಲ್ಲಿ, ಬೆಂಕಿಯೇ ಇಲ್ಲದಿದ್ದರೂ ನೀರು ಎರಚುತ್ತಿದ್ದರು, ಯಾಕೆ?

ಬೆಂಕಿ ಇದ್ದರೂ ಕಾಣುತ್ತಿರಲಿಲ್ಲ. ಮೆಥನಾಲ್ ಉರಿದರೆ ಹಗಲಲ್ಲಿ ಜ್ವಾಲೆ ಕಣ್ಣಿಗೆ ಬೀಳಲ್ಲ, ಹೊಗೆಯೂ ಇಲ್ಲ. 1981ರ ಇಂಡಿಯಲ್ಲಿ ರಿಕ್ ಮಿಯರ್ಸ್‌ನ ಕಾರಿಗೆ ಇಂಧನ ತುಂಬುವಾಗ ಚೆಲ್ಲಿ ಹೊತ್ತಿಕೊಂಡಿತು. ನೋಡುವವರಿಗೆ ಕಂಡಿದ್ದು ಏನೂ ಇಲ್ಲದೆ ಸುಮ್ನೆ ಕೈಕಾಲು ಬಡಿದುಕೊಂಡು ಕುಣಿಯುತ್ತಿರುವ ಮನುಷ್ಯರು ಅಷ್ಟೆ. ಅವನ ಮುಖ ಸುಟ್ಟಿತ್ತು. ಹಾಗಿದ್ದರೆ ಅದನ್ನೇ ಯಾಕೆ ಬಳಸುತ್ತಿದ್ದರು ಅಂತೀರಾ? ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಅದು ಇನ್ನಷ್ಟು ಹರಡುತ್ತೆ. ಮೆಥನಾಲ್ ನೀರಿನಲ್ಲಿ ಬೆರೆಯುವುದರಿಂದ ಬಕೆಟ್ ನೀರಿಗೇ ಆರುತ್ತೆ. 1964ರ ಇಂಡಿಯ ಭೀಕರ ಪೆಟ್ರೋಲ್ ಬೆಂಕಿಯಲ್ಲಿ ಇಬ್ಬರು ಚಾಲಕರು ಸತ್ತ ಮೇಲೆ ಎಲ್ಲರೂ ಇದಕ್ಕೆ ಬಂದರು.

ಪ್ರಶ್ನೆ: ಒಬ್ಬನೇ ಏಕಕಾಲಕ್ಕೆ ಎರಡೂ ಪಟ್ಟ ಇಟ್ಟುಕೊಂಡಿದ್ದ ಅಂತ ಬರೆದವರು ಸರಿಯಾಗಿ ಬರೆದಿದ್ದಾರಾ?

ಸರಿಯೇ. ಒಂದು ವಾರದ ಮಟ್ಟಿಗೆ. ನಾಜರೆತ್‌ನಲ್ಲಿ ಇಂಡಿಕಾರ್ ಪಟ್ಟ ಬಂದಿದ್ದು ಸೆಪ್ಟೆಂಬರ್ 19ಕ್ಕೆ. 1993ರ ಫಾರ್ಮುಲಾ ಒನ್ ಪಟ್ಟವನ್ನು ಪ್ರಾಸ್ಟ್ ಖಚಿತ ಮಾಡಿಕೊಂಡಿದ್ದು 26ಕ್ಕೆ. ಅಲ್ಲಿಯವರೆಗೆ 1992ರ ಪಟ್ಟ ಮ್ಯಾನ್ಸೆಲ್‌ದೇ. ಮಾರಿಯೊ, ಫಿಟ್ಟಿಪಾಲ್ಡಿ, ಆಮೇಲೆ ಜಾಕ್ ವಿಲ್‌ನೆವ್ ಎರಡೂ ಸರಣಿ ಗೆದ್ದಿದ್ದಾರೆ, ಆದರೆ ಹೀಗೆ ಒಟ್ಟಿಗೆ ಇಟ್ಟುಕೊಂಡವರು ಬೇರೆ ಯಾರೂ ಇಲ್ಲ.

ಪ್ರಶ್ನೆ: ಆ ಕಡೆಗೆ ಹೋದ ಮೈಕೆಲ್ ಆಂಡ್ರೆಟ್ಟಿಯ ಕಥೆ ಏನಾಯಿತು?

ಪಾಪ ಅನಿಸುತ್ತೆ. ಅದೇ ತಂಡದ ಪಕ್ಕದ ಕಾರಿನಲ್ಲಿ ಆ ಕಾಲದ ಅತಿ ವೇಗದ ಚಾಲಕರಲ್ಲೊಬ್ಬನಾದ ಐರ್ಟನ್ ಸೆನ್ನಾ. ಆ ವರ್ಷ ಅಲ್ಲಿ ಅಭ್ಯಾಸದ ಸುತ್ತುಗಳಿಗೇ ಮಿತಿ ಹಾಕಿದ್ದರು, ಗೊತ್ತಿಲ್ಲದ ಟ್ರ್ಯಾಕು ಕಲಿಯಲು ಸಮಯವೇ ಇಲ್ಲ. ಮೊದಲ ಮೂರು ರೇಸು ಸೇರಿಸಿದರೂ ಓಡಿದ ಸುತ್ತುಗಳನ್ನು ಬೆರಳಲ್ಲಿ ಎಣಿಸಬಹುದು. ಅಮೆರಿಕದಲ್ಲೇ ಮನೆ ಇಟ್ಟುಕೊಂಡು ರೇಸಿಗೆ ಮಾತ್ರ ವಿಮಾನ ಹತ್ತಿ ಬರುತ್ತಿದ್ದ, ಅದೂ ಅವನ ತಪ್ಪೇ ಅನ್ನಿ. ಇಟಲಿಯ ಮೋನ್ಜಾದಲ್ಲಿ ಮೂರನೇ ಸ್ಥಾನ ಬಂತು, ಅದೇ ಅವನ ಕೊನೆಯ ಫಾರ್ಮುಲಾ ಒನ್ ರೇಸು. 13 ರೇಸು, 7 ಪಾಯಿಂಟ್. ಅವನ ಸೀಟು ಮಿಕಾ ಹಕ್ಕಿನೆನ್‌ಗೆ ಹೋಯಿತು.

1994ರಲ್ಲಿ ಮೈಕೆಲ್ ಇಂಡಿಕಾರ್‌ಗೆ ವಾಪಸ್ ಬಂದ. ಮೊದಲ ರೇಸು ಮತ್ತೆ ಸರ್ಫರ್ಸ್ ಪ್ಯಾರಡೈಸ್. ಮ್ಯಾನ್ಸೆಲ್ ಹಾಲಿ ಚಾಂಪಿಯನ್ ಆಗಿ ಅಲ್ಲೇ ಇದ್ದ, ಆ ವರ್ಷ ಪೂರ್ತಿ ಒಂದೂ ಇಂಡಿಕಾರ್ ರೇಸು ಗೆಲ್ಲಲಿಲ್ಲ ಅವನು. ಸರ್ಫರ್ಸ್‌ನಲ್ಲಿ ಗೆದ್ದಿದ್ದು ಮೈಕೆಲ್.