ಸೊಲ್ಲಾಪುರಕ್ಕೂ ಮೊದಲು ನಮ್ಮೂರು ಯಾವುದು?

ಪ್ರಶ್ನೆ: ನಾವು ಪುಣೆಯವರು. ಮುತ್ತಜ್ಜ ಸೊಲ್ಲಾಪುರದ ಹಳೇ ಗಿರಣಿಯಲ್ಲಿ ದುಡಿದವರು. ಅವರ ತಂದೆ ದೊಡ್ಡ ಬರದಲ್ಲಿ ಕರ್ನಾಟಕದಿಂದ ಗಾಡಿ ಕಟ್ಟಿಕೊಂಡು ಬಂದರಂತೆ. ಅಡ್ಡಹೆಸರು ಹಿಪ್ಪರಗಿ, ಇಲ್ಲಿ ಹಿಪ್ಪರಗಿಕರ ಆಗಿದೆ. ಮೂಲ ಊರು ಹುಡುಕೋದು ಹೇಗೆ?
– ಓದುಗರೊಬ್ಬರು, ಪುಣೆ

ಉತ್ತರ: ಅಡ್ಡಹೆಸರಲ್ಲೇ ಊರಿದೆ, ಆದರೆ ಅವಸರ ಬೇಡ. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಬೇರೆ, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ದಂಡೆಯ ಹಿಪ್ಪರಗಿ ಬೇರೆ. ಮನೆದೇವರು ಯಾರು ಅಂತ ಮನೆಯ ಹಿರಿಯರನ್ನು ಇವತ್ತೇ ಕೇಳಿ. ಸವದತ್ತಿ ಎಲ್ಲಮ್ಮ ಅಂದರೆ ಊರು ಗೊತ್ತಾಗಲ್ಲ, ಅವಳಿಗೆ ಅರ್ಧ ನಾಡೇ ಒಕ್ಕಲು. ಹೊರಗಿನವರು ಕೇಳಿರದ ಸಣ್ಣ ಗುಡಿಯ ಹೆಸರು ಬಂದರೆ ಊರು ಸಿಕ್ಕ ಹಾಗೇ.

ದೊಡ್ಡ ಬರ ಅಂದರೆ 1876–78ರದೇ ಇರಬೇಕು. ಆಗ ನಿಮ್ಮವರು ರಾಜ್ಯ ದಾಟಿರಲಿಕ್ಕಿಲ್ಲ, ಎರಡೂ ಕಡೆ ಬಹುಪಾಲು ಮುಂಬಯಿ ಪ್ರಾಂತ್ಯವೇ. ನಡುವೆ ಗಡಿ ಬಂದದ್ದು 1956ರಲ್ಲಿ. ಹಳೇ ಕಾಗದದಲ್ಲಿ ‘ಜಿಲ್ಹಾ ಕಲಾದಗಿ’ ಅಂತಿದ್ದರೆ ಗಲಿಬಿಲಿ ಬೇಡ, ಜಿಲ್ಲಾ ಕೇಂದ್ರ ಅಲ್ಲಿಂದ ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಮರಾಠಿ ಬರೆಯುತ್ತಿದ್ದ ಹಳೇ ಮೋಡಿ ಲಿಪಿಯ ಕಾಗದ ಸಿಕ್ಕರೆ ಎಸೆಯಬೇಡಿ, ಓದುವವರು ಪುಣೆಯಲ್ಲೇ ಸಿಗುತ್ತಾರೆ. ಅಜ್ಜನ ಶಾಲೆ ಬಿಟ್ಟ ದಾಖಲೆಯನ್ನೂ ತೆಗೆಸಿ. ಜನಗಣತಿಯಲ್ಲಿ ಹೆಸರು ನೋಡೋಕೆ ಕೊಡಲ್ಲ, ಅದಕ್ಕೆ ಸುಮ್ನೆ ಅಲೆಯಬೇಡಿ.

ನನ್ನನ್ನು ಕೇಳಿದರೆ, ಊರು ಬಿಟ್ಟವರಿಗಿಂತ ಊರಲ್ಲೇ ಉಳಿದವರನ್ನು ಹುಡುಕಿ. ಬರದಲ್ಲಿ ಒಬ್ಬ ತಮ್ಮ ಹೋಗಿರುತ್ತಾನೆ, ಅಣ್ಣ ಹೊಲ ಹಿಡಿದುಕೊಂಡು ಅಲ್ಲೇ ಇದ್ದಿರುತ್ತಾನೆ, ಆ ಅಣ್ಣನ ಮನೆಗೆ ಹೆಳವರು ಬರುತ್ತಿರುತ್ತಾರೆ. ವಂಶಾವಳಿ ಹೇಳೋದೇ ಅವರ ಕಸುಬು, ಒಬ್ಬೊಬ್ಬರಿಗೂ ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತದೆ. ನಮ್ಮ ದೊಡ್ಡಪ್ಪನ ಮನೆಗೆ ಬಂದ ಹೆಳವ ಎತ್ತನ್ನು ಕಟ್ಟಿ, ಕಟ್ಟೆಯ ಮೇಲೆ ಕೂತು, ಕೆಂಪು ಬಟ್ಟೆಯ ಗಂಟು ಬಿಚ್ಚಿ ಒಂದೇ ಉಸಿರಿಗೆ ಏಳು ತಲೆ ಓದಿದ. ಐದನೇ ತಲೆಯಲ್ಲಿ ‘ಕಿರಿಯವ ಸೊಲ್ಲಾಪುರಕ್ಕ ಹೋದ’ ಅಂತಿತ್ತು. ಮುಂದೆ ಖಾಲಿ. ದೊಡ್ಡಪ್ಪ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

ಹೆಳವರ ವಂಶಾವಳಿಯಲ್ಲಿ ಗಂಡುಮಕ್ಕಳ ಹೆಸರೇ ಜಾಸ್ತಿ, ಹೆಣ್ಣುಮಕ್ಕಳದನ್ನು ಮನೆಯ ಹಿರಿಯ ಹೆಂಗಸರಿಂದ ನೀವೇ ಬರೆದುಕೊಳ್ಳಬೇಕು. ಎರಡೂ ಹಿಪ್ಪರಗಿಗೆ ಹೋಗಿ, ಗುಡಿಯ ಪೂಜಾರಿಯನ್ನೋ ಊರ ಹಿರಿಯರನ್ನೋ ಕಂಡು ‘ಇಂಥ ಮನೆತನಕ್ಕೆ ಬರೋ ಹೆಳವರು ಯಾವ ಊರಿನವರು’ ಅಂತ ಕೇಳಿ. ಅವರು ಸಿಕ್ಕಾಗ ಕಾಳು, ಬಟ್ಟೆ, ದುಡ್ಡು ಕೈಲಾದಷ್ಟು ಕೊಡಿ. ನಿಮ್ಮ ಮಗಳ ಹೆಸರನ್ನೂ ಸೇರಿಸಿ ಬರೆಯಲು ಹೇಳಿ.