ಅವ್ವನಿಗೆ ಓದಿ ಹೇಳದ ಸಾಲುಗಳು

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.

43 ವರ್ಷದ ಅವರು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಎರಡನೆಯ ಭೇಟಿಯಲ್ಲಿ ಚೀಲದಿಂದ ಆರು ನೀಲಿ ಇನ್‌ಲ್ಯಾಂಡ್ ಪತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟರು. 1999ರ ಕಾರ್ಗಿಲ್ ಯುದ್ಧಕ್ಕೆ ಹೋಗಿದ್ದ ಅಣ್ಣ ಬರೆದ ಕಾಗದಗಳವು. ಕಳುಹಿಸಿದವರ ವಿಳಾಸದಲ್ಲಿ ಹೆಸರು, ಸೇನಾ ಸಂಖ್ಯೆ, ಘಟಕ ಮತ್ತು ‘56 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ಸಂಖ್ಯೆಯಷ್ಟೇ ಇದ್ದುದರಿಂದ, ಅಣ್ಣ ಯಾವ ಬೆಟ್ಟದ ಬುಡದಲ್ಲಿದ್ದಾರೆಂಬುದು ಮನೆಯವರಿಗೆ ತಿಳಿಯುತ್ತಿರಲಿಲ್ಲ.

ತಾಯಿಗೆ ಓದು ಬಾರದು. ಕಾಗದ ಬಂದಾಗಲೆಲ್ಲ ಆಗ 17 ವರ್ಷದ ಹುಡುಗನಾಗಿದ್ದ ಇವರೇ ಗಟ್ಟಿಯಾಗಿ ಓದಬೇಕಿತ್ತು. ಎರಡನೆಯ ಕಾಗದದ ಒಳಮಡಿಕೆಯಲ್ಲಿ, ಅಂಟು ಹಚ್ಚುವ ಅಂಚಿಗೆ ತಾಗಿದಂತೆ, ‘ತಮ್ಮಾ, ಇದನ್ನು ಅವ್ವನಿಗೆ ಓದಿ ಹೇಳಬೇಡ’ ಎಂದಿತ್ತು. ಅದರ ಕೆಳಗೆ, 16,000 ಅಡಿಯ ಎತ್ತರದಲ್ಲಿ ಕತ್ತಲಲ್ಲೇ ಕಡಿದಾದ ಬಂಡೆ ಏರಿದ್ದು, ಮೇಲಿನಿಂದ ಗುಂಡು ಬರುವಾಗ ಮರೆಗೆ ಒಂದು ಗಿಡವೂ ಇಲ್ಲದ್ದು, ಜೊತೆಯಲ್ಲಿ ಉಂಡವನನ್ನು ಅಲ್ಲಿಯೇ ಬಿಟ್ಟು ಮುಂದೆ ಹೋಗಬೇಕಾದದ್ದು. ಹುಡುಗ ಆ ಸಾಲುಗಳನ್ನು ನುಂಗಿಕೊಂಡು, ತಾನೇ ಕಟ್ಟಿದ ಮಾತುಗಳನ್ನು ಓದಿದ. ಅಣ್ಣನ ಪಾರ್ಥಿವ ಶರೀರ ಮನೆಗೆ ಬಂದು ಎಂಟು ದಿನವಾದ ಮೇಲೆ ತಲುಪಿದ ಕೊನೆಯ ಕಾಗದವನ್ನೂ ಹಾಗೆಯೇ ಓದಿದ. ಈಗ ವಯಸ್ಸಾದ ತಾಯಿ ‘ನಿಮ್ಮಣ್ಣನ ಕಾಗದ ಇನ್ನೊಮ್ಮೆ ಓದಪ್ಪಾ’ ಎನ್ನುತ್ತಿದ್ದಾರೆ. ಅಂದು ಕಟ್ಟಿದ ಮಾತುಗಳು ಮಗನಿಗೆ ನೆನಪಿಲ್ಲ.

ಇದಕ್ಕೆ ನಾನು ಕಾಯಿಲೆಯ ಹೆಸರು ಕೊಡಲಿಲ್ಲ. ದೀರ್ಘಕಾಲದ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11 ಪ್ರತ್ಯೇಕವಾಗಿ ಗುರುತಿಸುತ್ತದೆ, ನಿಜ. ಆದರೆ ಇವರ ದುಡಿಮೆ, ಸಂಸಾರ ಯಾವುದೂ ಕುಂದಿರಲಿಲ್ಲ. ‘ಅವ್ವನಿಗೆ ಮೋಸ ಮಾಡಿದೆ’ ಎಂಬ ಒಂದೇ ಮಾತು ಅವರನ್ನು ಕೊರೆಯುತ್ತಿತ್ತು. ಅದು ನೀವು ಬಯಸಿ ಆಡಿದ ಸುಳ್ಳಲ್ಲ, ಅಣ್ಣ ನಿಮ್ಮನ್ನು ನಂಬಿ ಒಪ್ಪಿಸಿದ ಕೆಲಸ, ಆದರೆ ಆ ವಯಸ್ಸಿಗೆ ಮೀರಿದ ಹೊರೆ ಎಂದೆ. ಅಣ್ಣನ ಮೇಲೆ ಸಿಟ್ಟು ಬಂದದ್ದುಂಟೇ ಎಂದು ಕೇಳಿದಾಗ ಬಹಳ ಹೊತ್ತು ಅತ್ತರು.

ಮೊದಲು ಆ ಕಾಗದಗಳನ್ನು ಭೇಟಿಗೊಂದರಂತೆ, ಒಂದು ಸಾಲೂ ಬಿಡದೆ, ನನ್ನೆದುರು ಓದಲು ಹೇಳಿದೆ. ತಾಯಿಗೆ ಏನು ತಿಳಿಯಬೇಕೆಂಬುದನ್ನು ಇನ್ನು ಮುಂದೆ ನೀವು ತೀರ್ಮಾನಿಸಬೇಡಿ, ‘ಯುದ್ಧದ ಮಾತೂ ಇದೆ, ಓದಲೇನವ್ವ’ ಎಂದು ಅವರನ್ನೇ ಕೇಳಿ. ಹಗಲು ಹೊತ್ತಿನಲ್ಲಿ, ಮನೆಯವರೊಬ್ಬರನ್ನು ಜೊತೆಗಿಟ್ಟುಕೊಂಡು, ಅವರು ಸಾಕೆನ್ನುವವರೆಗೆ ಮಾತ್ರ ಓದಿ ಎಂದೆ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಲು ಸೂಚಿಸಿದೆ. ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸುವ ಯೋಚನೆಯಲ್ಲಿದ್ದರು. ಒಮ್ಮೆ ಮಾಡಿಸಿದರೆ ಬಿಡಿಸಲಾಗದು, ಜೆರಾಕ್ಸ್ ತೆಗೆಸಿ ಮೂಲವನ್ನು ಹಾಗೆಯೇ ಇಡಿ ಎಂದೆ.

ಐದನೆಯ ಭೇಟಿಯ ಹೊತ್ತಿಗೆ ಅವರು ತಾಯಿಯನ್ನು ಕೇಳಿದ್ದರು. ‘ಆವಾಗ ನೀ ಓದಿದ್ದು ಕಾಗದಕ್ಕಿಂತ ಉದ್ದ ಇತ್ತು’ ಎಂದರಂತೆ ಆ ತಾಯಿ. ಎರಡನೆಯ ಕಾಗದದಲ್ಲಿ ಜೊತೆಗಾರನ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿ, ‘ಆ ಹುಡುಗನ ಅವ್ವ ಇದ್ದಾಳೇನು?’ ಎಂದು ಕೇಳಿದರಂತೆ. ಉಳಿದ ನಾಲ್ಕು ಕಾಗದಗಳನ್ನು ಅವರಿಗೆ ಇನ್ನೂ ಓದಿಲ್ಲ. ಆತುರ ಬೇಡವೆಂದಿದ್ದೇನೆ.